ನವೆಂಬರ್ ಹದಿನಾರರ ಪುಟ

ಮುನಿರ್ಕಾ
೨ ಫೆಬ್ರವರಿ ೨೦೨೫

ಅತ್ತೆಯವರಿಗೆ ವಂದನೆಗಳು.

ಈ ಕಾಗದವನ್ನು ದೇವಕಿಯವರ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿಮಗೆ ಫೋನ್ ಮಾಡಿದರೆ ಎರಡನೇ ಮಾತಿಗೆ ಆದರ್ಶ್ ಧ್ವನಿ ಬರುತ್ತದೆ. ಕೆಳಗಿನ ಅಂಚೆ ಡಬ್ಬಿಯ ಬೀಗದ ಕೈಯೂ ಅವನ ಬಳಿಯೇ ಇದೆ. ಮೇಲಿನ ಮಹಡಿಯ ದೇವಕಿ ಕೇಳಿದ ತಕ್ಷಣ ಒಪ್ಪಿದರು, ಏಕೆ ಏನು ಎಂದು ವಿಚಾರಿಸಲಿಲ್ಲ. ವಿಚಾರಿಸದಿದ್ದುದರಿಂದ ಅವರಿಗೆ ಎಲ್ಲ ಗೊತ್ತಿದೆ ಎಂದುಕೊಂಡೆ.

ನಾನೂ ಧನ್ಯಾಳೂ ದೆಹಲಿಯ ಈ ಗಲ್ಲಿಗೆ ಬಂದು ಐದು ವಾರವಾಯಿತು. ಒಂದು ಕೋಣೆ, ಗೋಡೆಗೆ ಅಂಟಿದಂತೆ ಅಡುಗೆಗೊಂದು ಕಟ್ಟೆ. ಸುತ್ತಲೂ ಓದಲು ಬಂದ ಹುಡುಗ ಹುಡುಗಿಯರು. ಗ್ರಂಥಾಲಯದ ಕೆಲಸಕ್ಕೆ ನಡೆದೇ ಹೋಗುತ್ತೇನೆ. ಧನ್ಯಾಳಿಗೆ ಏಪ್ರಿಲ್‌ನಿಂದ ಪಕ್ಕದ ಗಲ್ಲಿಯ ಶಾಲೆಯಲ್ಲಿ ಸೀಟು ಸಿಗುತ್ತದೆ. ಅಲ್ಲಿಯವರೆಗೆ ಮನೆಯೊಡತಿಯ ಮೊಮ್ಮಗಳ ಜೊತೆ ಇರುತ್ತಾಳೆ. ಇದನ್ನೆಲ್ಲ ನೀವು ಕೇಳುತ್ತೀರಿ ಎಂದು ಮೊದಲೇ ಬರೆದೆ. ಇನ್ನು ನನ್ನ ವಿಷಯ.

ನಮ್ಮ ಸಭೆಯ ಎಫ್ರಾಯಿಮ್ ಅಂಕಲ್ ಎಂದಿನಂತೆ ಈ ವರ್ಷದ ಧ್ಯಾನಪುಸ್ತಿಕೆಯನ್ನು ತಲುಪಿಸಿದರು. ಧನ್ಯಾ ಪುಟ ತಿರುವಿ ಅಜ್ಜಿಯ ಹೆಸರು ಎಲ್ಲೆಲ್ಲಿದೆ ಎಂದು ಹುಡುಕಿದಳು. ದಿನಕ್ಕೊಂದು ಪುಟ, ಅದರಲ್ಲಿ ನಿಮ್ಮವು ನಾಲ್ಕು. ನಾಲ್ಕನೆಯದು ನವೆಂಬರ್ ಹದಿನಾರು.

ನನ್ನ ಹೆಸರು ಹಾಕಿಲ್ಲ, ನಿಜ. 'ನನಗೆ ಪರಿಚಯದ ಒಂದು ಮನೆ' ಎಂದು ಶುರು ಮಾಡಿದ್ದೀರಿ. ಮಾತಿಗೆ ಮಾತು ಬೆಳೆದು ಗಂಡನ ಕೈ ಹೆಂಡತಿಗೆ ತಾಗಿತು ಎಂದು ಬರೆದಿದ್ದೀರಿ. ಮರುದಿನ ಅವಳೇ ಎದ್ದು ಚಹ ಮಾಡಿ ಮೊದಲ ಲೋಟವನ್ನು ಅವನ ಮುಂದಿಟ್ಟಳು, ಪ್ರೀತಿಯ ತಾಳ್ಮೆ ಇದೇ, ಅಂದಿನಿಂದ ಆ ಮನೆಯಲ್ಲಿ ಸಮಾಧಾನ ನೆಲೆಸಿದೆ ಎಂದು ಮುಗಿಸಿದ್ದೀರಿ.

ಕೈ ತಾಗಿದರೆ ಕುತ್ತಿಗೆಯ ಕೆಳಗಿನ ಮೂಳೆ ಮುರಿಯುವುದಿಲ್ಲ, ಅತ್ತೆ. ಚಹ ಮಾಡಿದ್ದು ಹೌದು, ಎಡಗೈಯಲ್ಲಿ. ಏಳೂ ಇಪ್ಪತ್ತಕ್ಕೆ ಶಾಲೆಯ ವ್ಯಾನ್ ಬರುತ್ತಿತ್ತು, ಚಹ ಆಗದೆ ಆ ಮನೆಯಲ್ಲಿ ಯಾರೂ ಏಳುತ್ತಿರಲಿಲ್ಲ. ಅದನ್ನು ನಾನು ಕ್ಷಮೆ ಎಂದುಕೊಂಡು ಮಾಡಲಿಲ್ಲ. ಬೆಳಗಾಗಿತ್ತು, ಮಾಡಿದೆ.

ನವೆಂಬರ್ ಹದಿನಾರು ಭಾನುವಾರ, ಅದೂ ಮೂರನೆಯದು. ತಮಿಳರ ಆರಾಧನೆ ಮುಗಿದ ಮೇಲೆ ನಮ್ಮ ಕನ್ನಡ ಸಭೆಗೆ ಚರ್ಚಿನ ಹಾಲ್ ಸಿಗುವ ದಿನ. ಆ ದಿನದ ಪುಟವನ್ನು ಓದುವುದು, ಬರೆದವರು ಅಲ್ಲೇ ಇದ್ದರೆ ಅವರೇ ನಿಂತು ಓದುವುದು ನಮ್ಮ ಪದ್ಧತಿ. ೨೦೨೩ರ ಕ್ರಿಸ್ಮಸ್‌ನಲ್ಲಿ ನನ್ನ ತೋಳಿನ ಜೋಲಿಯನ್ನು ನೋಡದವರು ಆ ಸಭೆಯಲ್ಲಿ ಯಾರಿದ್ದಾರೆ? ಹೆಸರು ಬೇಕಾಗಿಯೇ ಇಲ್ಲ.

ಆ ಪುಟವನ್ನು ತೆಗೆಸಿ. ಅದಾಗದಿದ್ದರೆ ಅಂದು ಅದನ್ನು ಓದಬೇಡಿ. ಇಷ್ಟೇ ಕೇಳುತ್ತಿದ್ದೇನೆ.

ಇತಿ,
ಹೆಪ್ಸಿಬಾ


ನೋಯ್ಡಾ
೨೦ ಫೆಬ್ರವರಿ ೨೦೨೫

ಪ್ರಿಯ ಹೆಪ್ಸಿಗೆ, ಕರ್ತನ ಶಾಂತಿ.

ದೇವಕಿ ನಿನ್ನ ಕಾಗದವನ್ನು ಕೊತ್ತಂಬರಿ ಸೊಪ್ಪಿನ ಚೀಲದಲ್ಲಿಟ್ಟು ಲಿಫ್ಟಿನಲ್ಲಿ ನನ್ನ ಕೈಗೆ ಕೊಟ್ಟಳು. "ಟೀಚರಮ್ಮ, ನನ್ನ ಮದುವೆಗೆ ಮುಂಚೆ ಕೂಡ ಇಷ್ಟು ಕದ್ದು ಕಾಗದ ಬಂದಿರ್ಲಿಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಸೊಪ್ಪನ್ನು ಬಿಡಿಸಿ, ಆಮೇಲೆ ಓದಿದೆ.

ಮಗುವಿಗೆ ಚಳಿಗೆ ಏನು ಹಾಕುತ್ತಿದ್ದೀ? ನೀಲಿ ಸ್ವೆಟರ್ ಇಲ್ಲೇ ಉಳಿದಿದೆ. ತೋಳು ಗಿಡ್ಡವಾಗಿರಬಹುದು, ಆದರೂ ದೇವಕಿಯ ಕೈಯಲ್ಲಿ ಕಳಿಸುತ್ತೇನೆ.

ಪುಸ್ತಿಕೆಯ ಕೆಲಸ ಹೇಗೆಂದು ನಿನಗೆ ಗೊತ್ತು. ಒಂದು ವರ್ಷ ಮೊದಲೇ ಹಸ್ತಪ್ರತಿ ಊರಿಗೆ, ಸಂಪಾದಕರ ಕೈಗೆ ಹೋಗಬೇಕು. ಸೆಖೆಯಲ್ಲಿ ಕುಳಿತು ಕ್ರಿಸ್ಮಸ್ ಬಗ್ಗೆ ಬರೆಯುತ್ತೇವೆ, ರಜಾಯಿ ಹೊದ್ದುಕೊಂಡು ಸುಗ್ಗಿಯ ಬಗ್ಗೆ. ಆ ಪುಟವನ್ನು ನಾನು ೨೦೨೩ರ ಡಿಸೆಂಬರ್ ಮೊದಲ ವಾರ ಬರೆದೆ. ಆಗ ನಿನ್ನ ತೋಳು ಇನ್ನೂ ಜೋಲಿಯಲ್ಲಿತ್ತು. ಸಮಾಧಾನ ನೆಲೆಸಿದೆ ಎಂದು ಬರೆಯುವಾಗ ಅದು ನೆಲೆಸಿರಲಿಲ್ಲ. ಎರಡು ವರ್ಷ ಕಾಲಾವಕಾಶವಿದೆಯಲ್ಲ, ಓದುವ ಹೊತ್ತಿಗೆ ನಿಜವಾಗಿರುತ್ತದೆ ಎಂದುಕೊಂಡೆ. ಹಾಗೆ ಬರೆದ ಎಷ್ಟೋ ಪುಟಗಳು ನಿಜವಾಗಿವೆ.

ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ನಡೆದದ್ದನ್ನೇ ಬರೆಯಿರಿ, ಕಲ್ಪಿಸಬೇಡಿ ಎಂಬುದು ಸಂಪಾದಕರ ನಿಯಮ. ನನಗೆ ನಡೆದದ್ದಾದರೂ ಎಷ್ಟು? ನಿನ್ನ ಮಾವನವರ ಕಾಯಿಲೆಯನ್ನು ಆರು ಪುಟ ಬರೆದೆ, ಅವರ ಸಾವನ್ನು ಎರಡು. ಆದರ್ಶ್ ಪರೀಕ್ಷೆಯಲ್ಲಿ ಫೇಲಾದದ್ದು, ಪಾಸಾದದ್ದು, ನೀನು ಈ ಮನೆಗೆ ಬಂದದ್ದು, ಧನ್ಯಾ ಹುಟ್ಟಿದ್ದು. ಮನೆಯಲ್ಲಿ ಏನಾದರೂ ಆದರೆ ಅದು ಯಾವ ತಿಂಗಳ ಪುಟಕ್ಕೆ ಹೊಂದುತ್ತದೆ ಎಂದು ಯೋಚಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಅದು ಒಳ್ಳೆಯ ಅಭ್ಯಾಸವೆಂದೇ ತಿಳಿದಿದ್ದೆ.

ಪುಸ್ತಿಕೆ ಅಚ್ಚಾಗಿ ಮನೆಮನೆಗೆ ಹೋಗಿಯಾಗಿದೆ. ಯಾವುದೋ ಒಂದು ಹಾಳೆಯನ್ನು ಈಗ ಯಾರ ಮನೆಯಿಂದ ಕೀಳಲಿ? ನವೆಂಬರ್ ಇನ್ನೂ ದೂರವಿದೆ, ಅಷ್ಟರೊಳಗೆ ದೇವರು ಏನು ಬೇಕಾದರೂ ಮಾಡಬಲ್ಲ. ಈಸ್ಟರ್‌ಗೆ ಮನೆಗೆ ಬಾ. ಆದರ್ಶ್ ಸುಮ್ಮನಾಗಿದ್ದಾನೆ. ಊಟ ಸರಿಯಾಗಿ ಮಾಡುತ್ತಿಲ್ಲ.

ಕರ್ತನಲ್ಲಿ ನಿನ್ನ,
ಅತ್ತೆ


ಮುನಿರ್ಕಾ
೯ ಮಾರ್ಚ್ ೨೦೨೫

ಅತ್ತೆಯವರಿಗೆ ವಂದನೆಗಳು.

ಸ್ವೆಟರ್ ಸಿಕ್ಕಿತು. ತೋಳು ಗಿಡ್ಡವಾಗಿದೆ, ಆದರೂ ಹಾಕಿಕೊಳ್ಳುತ್ತಾಳೆ.

ಈಸ್ಟರ್‌ಗೆ ಬರುವುದಿಲ್ಲ. ಆಮೇಲೆಯೂ ಬರುವುದಿಲ್ಲ. ಇದನ್ನು ಫೋನಿನಲ್ಲಾದರೆ ಮೆತ್ತಗೆ ಹೇಳುತ್ತಿದ್ದೆನೇನೋ. ಕಾಗದದಲ್ಲಿ ಮೆತ್ತಗೆ ಹೇಳುವುದು ಹೇಗೆಂದು ತಿಳಿಯದು.

ಕೋರ್ಟಿಗೆ ಅರ್ಜಿ ಕೊಟ್ಟಿದ್ದೇನೆ. ನಾನು ಕೇಳಿರುವುದು ಎರಡೇ. ಧನ್ಯಾ ನನ್ನ ಬಳಿ ಇರಬೇಕು. ಆದರ್ಶ್ ನಮ್ಮ ಕೋಣೆಗಾಗಲಿ ಅವಳ ಶಾಲೆಗಾಗಲಿ ಬರಬಾರದು. ಅವನ ವಕೀಲರು ಉತ್ತರ ಸಲ್ಲಿಸಿದ್ದಾರೆ. ಹೊಡೆದದ್ದೇ ಇಲ್ಲವಂತೆ. ಅದಕ್ಕೆ ಆಧಾರವಾಗಿ ಆಸ್ಪತ್ರೆಯ ಚೀಟಿಯನ್ನು ಲಗತ್ತಿಸಿದ್ದಾರೆ. ಬಚ್ಚಲುಮನೆಯಲ್ಲಿ ಜಾರಿ ಬಿದ್ದದ್ದು ಎಂದು ಅದರಲ್ಲಿದೆ.

ಡಾಕ್ಟರಿಗೆ ಹಾಗೆ ಹೇಳಿದವರು ಯಾರೆಂದು ನಮ್ಮಿಬ್ಬರಿಗೂ ಗೊತ್ತು. ನಾನು ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ನೀವು ನಿಮ್ಮ ಒಳ್ಳೆಯ ಹಿಂದಿಯಲ್ಲಿ ಹೇಳಿದಿರಿ, ಆ ಹುಡುಗಿ ಡಾಕ್ಟರು ಬರೆದುಕೊಂಡಳು. ಒಮ್ಮೆ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಏನೂ ಹೇಳಲಿಲ್ಲ. ಅದು ನನ್ನ ಪಾಲು, ಒಪ್ಪುತ್ತೇನೆ.

ಹೀಗೆ ನನ್ನ ಬಗ್ಗೆ ಎರಡು ಬರಹಗಳಿವೆ. ಒಂದು ಆಸ್ಪತ್ರೆಯದು, ಇನ್ನೊಂದು ಪುಸ್ತಿಕೆಯದು. ಎರಡೂ ನಿಮ್ಮವೇ. ಒಂದರಲ್ಲಿ ನಾನು ಜಾರಿದ್ದೇನೆ, ಇನ್ನೊಂದರಲ್ಲಿ ಕ್ಷಮಿಸಿದ್ದೇನೆ. ಅವನು ಹೊಡೆದದ್ದು ಎರಡರಲ್ಲೂ ಇಲ್ಲ.

ಹೋದ ಸಲ ಓದಬೇಡಿ ಎಂದು ಬರೆದಿದ್ದೆ. ಯೋಚಿಸಿ ನೋಡಿದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಸಭೆಯನ್ನು ನಾನು ಬಿಡುವುದಿಲ್ಲ. ಧನ್ಯಾಳ ಕಿವಿಗೆ ಕನ್ನಡ ಹಾಡು ಬೀಳುವುದು ಅದೊಂದೇ ಜಾಗದಲ್ಲಿ. ಹದಿನಾರನೇ ತಾರೀಖು ನಾನು ಬಂದು ಕೂರುತ್ತೇನೆ. ಓದುವುದಿದ್ದರೆ ನನ್ನೆದುರಿಗೆ ಓದಿ.

ಇತಿ,
ಹೆಪ್ಸಿಬಾ


ನೋಯ್ಡಾ
೬ ಜುಲೈ ೨೦೨೫

ಪ್ರಿಯ ಹೆಪ್ಸಿಗೆ,

ನಾಲ್ಕು ತಿಂಗಳು ಬರೆಯಲಿಲ್ಲ. ಕಣ್ಣಿನ ಆಪರೇಷನ್ ಆಯಿತು, ಅದನ್ನೇ ನೆಪವಾಗಿ ಹೇಳಬಹುದು. ಅದು ಆದದ್ದು ಮೇ ಕೊನೆಗೆ.

ಈಸ್ಟರ್ ದಿನ ನಾಲ್ಕು ತಟ್ಟೆ ಹಾಕಿದೆ. ಆದರ್ಶ್ ನೋಡಿ ಎರಡನ್ನು ತೆಗೆದು ಒಳಗಿಟ್ಟ. ಅವನು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಹೆಪ್ಸಿ. ಕಣ್ಣಿಗೆ ಹನಿ ಹಾಕುವುದಕ್ಕೆ ಮಧ್ಯಾಹ್ನ ಆಫೀಸಿನಿಂದ ಕ್ಯಾಬ್ ಮಾಡಿಕೊಂಡು ಬರುತ್ತಿದ್ದ. ರೆಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದು, ನೋವಾಯಿತಾ ಅಮ್ಮ ಎಂದು ಕೇಳಿ ಕೇಳಿ ಹಾಕುತ್ತಿದ್ದ. ಅದೇ ಕೈ. ಹಾಗೆ ಮಲಗಿ ಮೇಲೆ ನೋಡುತ್ತಾ ನನಗೆ ಬಂದ ಯೋಚನೆಗಳನ್ನು ಯಾವ ತಿಂಗಳ ಪುಟಕ್ಕೂ ಹೊಂದಿಸಲಾಗಲಿಲ್ಲ.

ಸಂಪಾದಕರಿಗೆ ಬರೆದಿದ್ದೆ. ಇಂಥ ದಿನದ ಪುಟದಲ್ಲಿ ತಪ್ಪಿದೆ, ಏನಾದರೂ ಮಾಡಲು ಸಾಧ್ಯವೇ ಎಂದು ಕೇಳಿದೆ. ಬಹಳ ಗೌರವದಿಂದ ಉತ್ತರಿಸಿದ್ದಾರೆ. ಅಚ್ಚಾದದ್ದನ್ನು ಬದಲಿಸಲಾಗದು, ತಪ್ಪು ಎಂದರೆ ಬೈಬಲ್ ವಾಕ್ಯದ ಅಧ್ಯಾಯದ ಸಂಖ್ಯೆಯೇ ಎಂದು ಕೇಳಿದ್ದಾರೆ. ಜೊತೆಗೆ ೨೦೨೭ರ ನಾಲ್ಕು ಪುಟಗಳನ್ನು ದಯವಿಟ್ಟು ಅಕ್ಟೋಬರ್ ಒಳಗೆ ಕಳಿಸಿಕೊಡಿ ಎಂದಿದ್ದಾರೆ.

ಬರೆಯಲು ಕುಳಿತೆ. ಹತ್ತು ದಿನ ಕುಳಿತೆ. ಮೊದಲು ವಾಕ್ಯ, ಆಮೇಲೆ ಪ್ರಸಂಗ, ಆಮೇಲೆ ಧ್ಯಾನ, ಕೊನೆಗೆ ಒಂದೇ ಸಾಲಿನ ಪ್ರಾರ್ಥನೆ. ಕೈಗೆ ಅಷ್ಟು ಪಳಗಿದ ಕೆಲಸ. ವಾಕ್ಯ ಬರೆದುಕೊಂಡ ಮೇಲೆ ಪ್ರಸಂಗಕ್ಕೆ ಬರುತ್ತಿದ್ದಂತೆ ಪ್ರತಿಸಲವೂ ಅದೇ ಸಂಜೆ ಮುಂದೆ ಬಂದು ನಿಲ್ಲುತ್ತದೆ.

ನಾನು ಅಂದು ಹಾಡುತ್ತಿದ್ದೆ.

ಇದಕ್ಕಿಂತ ಮುಂದೆ ಇವತ್ತು ಬರೆಯಲಾರೆ. ಕರೆಂಟು ಬೇರೆ ಇಲ್ಲ. ದೇವಕಿ ಮೇಲಿನಿಂದ ಬಂದು, "ಟೀಚರಮ್ಮ, ಯಾಕೆ ಹೀಗೆ ಬಾಗಿಲು ಹಾಕ್ಕೊಂಡು ಬೇಯ್ತಾ ಇದೀರಿ, ಚಲೋ, ಕೆಳಗೆ ಪಾರ್ಕಿಗೆ ಹೋಗೋಣ" ಎಂದು ಕರೆಯುತ್ತಿದ್ದಾಳೆ.

ನಿನ್ನ,
ಅತ್ತೆ


ಮುನಿರ್ಕಾ
೧೫ ಆಗಸ್ಟ್ ೨೦೨೫

ಅತ್ತೆಯವರಿಗೆ,

ಇವತ್ತು ರಜೆ. ಧನ್ಯಾ ಮಾಳಿಗೆಯ ಮೇಲೆ ಗಾಳಿಪಟ ನೋಡುತ್ತಿದ್ದಾಳೆ. ಮನೆಯೊಡತಿ ಅವಳ ಫ್ರಾಕನ್ನು ಒಂದು ಕೈಯಲ್ಲಿ ಹಿಡಿದೇ ಇದ್ದಾರೆ, ಹಾಗಾಗಿ ನನಗೆ ಕೂತು ಬರೆಯಲು ಸಾಧ್ಯವಾಗಿದೆ.

ನೀವು ಹಾಡುತ್ತಿದ್ದಿರಿ. ಹೌದು. ನಾಲ್ಕು ಚರಣಗಳ ಹಾಡು. ಎರಡನೆಯ ಚರಣದಲ್ಲಿ ನಾನು ನಿಮ್ಮನ್ನು ಕೂಗಿದೆ. ಮೂರನೆಯದರಲ್ಲಿ ನಿಮ್ಮ ಧ್ವನಿ ಏರಿತು. ನಾಲ್ಕನೆಯದನ್ನೂ ಬಿಡಲಿಲ್ಲ. ಆಮೇಲೆ ಪ್ರಾರ್ಥನೆ ಮಾಡಿದಿರಿ. ಸಭೆಯಲ್ಲಿ ಕಾಯಿಲೆಯಾದವರನ್ನು ಹೆಸರು ಹಿಡಿದು, ಪ್ರಯಾಣದಲ್ಲಿರುವವರನ್ನು, ಗಡಿಯಲ್ಲಿರುವ ಸೈನಿಕರನ್ನು ನೆನೆದಿರಿ. ಆಮೆನ್ ಆದ ಮೇಲೆ ಬಾಗಿಲು ತೆರೆದು ಬಂದಿರಿ. ನಿಮ್ಮ ಕೈಯಲ್ಲಿ ಆಗಲೇ ಐಸ್ ಇತ್ತು. ಅಂದರೆ ಕೇಳಿಸಿತ್ತು.

ಇಷ್ಟು ದಿನ ಇದನ್ನು ಯಾರಿಗೂ ಹೇಳಿಲ್ಲ. ವಕೀಲೆ ಮೇಡಂಗೂ ಹೇಳಿಲ್ಲ. ಮನೆಯಲ್ಲಿ ಬೇರೆ ಯಾರಿದ್ದರು ಎಂದು ಅವರು ಕೇಳಿದಾಗ, ಅತ್ತೆ ಪ್ರಾರ್ಥನೆಯಲ್ಲಿದ್ದರು ಎಂದೆ. ಅವರು ಬರೆದುಕೊಂಡು ಪೆನ್ನು ಕೆಳಗಿಟ್ಟರು.

ಜೂನ್‌ನಲ್ಲಿ ಎಫ್ರಾಯಿಮ್ ಅಂಕಲ್ ಗ್ರಂಥಾಲಯಕ್ಕೇ ಬಂದಿದ್ದರು. ಹೊರಗೆ ಬೇವಿನ ಮರದ ಕೆಳಗೆ ಕುಳಿತೆವು. ಚೀಲದಿಂದ ಪುಸ್ತಿಕೆ ತೆಗೆದು ಆ ಪುಟವನ್ನು ಬಿಚ್ಚಿದರು. ಮೊದಲೇ ಗುರುತಿಗೆ ಬಸ್ಸಿನ ಟಿಕೆಟ್ ಇಟ್ಟಿದ್ದರು.

"ಮಗಳೇ, ನಿಮ್ಮತ್ತೆ ಬರೆದಿರೋದನ್ನ ಸ್ವಲ್ಪ ಓದು. ಇಂಥ ಹೆಣ್ಣುಮಕ್ಕಳೂ ಇದಾರೆ."

"ಅಂಕಲ್, ಆ ಹೆಣ್ಣುಮಗಳು ನಾನೇ."

"ಅಚ್ಛಾ, ನಂಗೊತ್ತಿಲ್ವಾ? ಅದಕ್ಕೇ ತಂದೆ. ಒಂದು ಸಲ ನಿನ್ನ ಕೈಲಿ ಆಗಿದೆ ಅಂದ್ಮೇಲೆ ಇನ್ನೊಂದು ಸಲಾನೂ ಆಗುತ್ತೆ."

ಒಳ್ಳೆಯ ಮನುಷ್ಯರು. ಬಿಸಿಲಲ್ಲಿ ಎರಡು ಮೆಟ್ರೋ ಬದಲಿಸಿ ಬಂದಿದ್ದರು. ಅವರಿಗೆ ನೀರು ತಂದುಕೊಟ್ಟೆ. ಕುಡಿದು, ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋದರು. ಆ ಹೊತ್ತಿನಲ್ಲಿ ನನಗೆ ಅರ್ಥವಾದದ್ದು ಇಷ್ಟು. ನೀವು ಬರೆದ ಆ ಹೆಂಗಸಿನ ಜೊತೆ ನಾನು ಸಾಯುವ ತನಕ ಹೋಲಿಸಿಕೊಂಡು ಬದುಕಬೇಕಾಗುತ್ತದೆ. ಅವಳು ನನಗಿಂತ ಒಳ್ಳೆಯವಳು. ಅವಳಿಗೆ ಎಲುಬೇ ಇಲ್ಲ, ಮುರಿಯುವುದೂ ಇಲ್ಲ.

ಜನರಿಗೆ ನಾನು ಮನೆ ಬಿಟ್ಟದ್ದೂ ದೇವರನ್ನು ಬಿಟ್ಟದ್ದೂ ಒಂದೇ ಆಗಿ ಕಾಣುತ್ತದೆ. ನಿಮಗೆ ಹಾಗೆ ಕಾಣಬಾರದೆಂದು ಬರೆಯುತ್ತಿದ್ದೇನೆ. ದಿನಾ ಬೆಳಿಗ್ಗೆ ಕುಕ್ಕರ್ ಇಟ್ಟು, ಅದು ಕೂಗುವುದರೊಳಗೆ ಆ ದಿನದ ಪುಟವನ್ನು ಓದುತ್ತೇವೆ. ನಿಮ್ಮ ಮೇ ತಿಂಗಳ ಪುಟ ನನಗೆ ಇಷ್ಟವಾಯಿತು. ಮಾವನವರು ಕೊನೆಯ ದಿನಗಳಲ್ಲಿ ಕೋಪ ಮಾಡಿಕೊಳ್ಳುತ್ತಿದ್ದುದು, ನೀವು ಅವರ ಮೇಲೆ ತಿರುಗಿ ಕೂಗಾಡಿ ಬಾಲ್ಕನಿಗೆ ಹೋಗಿ ಅತ್ತದ್ದು. ಅದರಲ್ಲಿ ನೀವು ಒಳ್ಳೆಯವರಾಗಿ ಕಾಣುವುದಿಲ್ಲ. ಅದಕ್ಕೇ ನಂಬಿದೆ. ಧನ್ಯಾ, "ಅಮ್ಮಾ, ಅಜ್ಜಿ ಸಚ್ಚಿ ಮೇ ಕೂಗಿದ್ರಾ?" ಎಂದು ಕೇಳಿದಳು. ನಿಜವಾಗಿ ಕೂಗಿದ್ದರು ಎಂದೆ. ಅವಳಿಗೆ ನಿಮ್ಮ ಮೇಲೆ ಗೌರವ ಹೆಚ್ಚಾದಂತಿತ್ತು.

ಹೆಪ್ಸಿ


ನೋಯ್ಡಾ
೧೨ ಅಕ್ಟೋಬರ್ ೨೦೨೫

ಪ್ರಿಯ ಹೆಪ್ಸಿ,

೨೦೨೭ಕ್ಕೆ ಬರೆಯುವುದಿಲ್ಲ ಎಂದು ಸಂಪಾದಕರಿಗೆ ತಿಳಿಸಿದೆ. ಅದರ ಬದಲು ಒಂದು ಪುಟ ಬರೆದಿದ್ದೇನೆ. ಹದಿನಾರನೇ ತಾರೀಖು ನಿಂತು ಓದಬೇಕಾದವಳು ನಾನೇ. ಕೈಯಲ್ಲಿ ಪುಸ್ತಿಕೆ ಇರುತ್ತದೆ, ಓದುವುದು ಇದನ್ನು. ಹೋದ ಸಲ ನಿನ್ನನ್ನು ಕೇಳದೆ ಬರೆದೆ. ಈ ಸಲ ಕೇಳುತ್ತಿದ್ದೇನೆ. ನೀನು ಬೇಡವೆಂದರೆ ಓದುವುದಿಲ್ಲ. ಆದರೆ ಅಚ್ಚಾದದ್ದನ್ನೂ ಓದುವುದಿಲ್ಲ, ಬಾಯಿ ಮುಚ್ಚಿ ಕೂರುತ್ತೇನೆ.

ಪುಟ ಇದು:

'ಒಂದು ಸಂಜೆ ಒಬ್ಬ ತಾಯಿ ಕುಟುಂಬ ಪ್ರಾರ್ಥನೆಗೆ ಕುಳಿತಿದ್ದಳು. ಪಕ್ಕದ ಕೋಣೆಯಲ್ಲಿ ಮಗ ಸೊಸೆಯನ್ನು ಹೊಡೆಯುತ್ತಿದ್ದ. ಸೊಸೆ ಕೂಗಿದಳು. ತಾಯಿಗೆ ಕೇಳಿಸಿತು. ಅವಳು ಹಾಡನ್ನು ನಿಲ್ಲಿಸಲಿಲ್ಲ, ಧ್ವನಿ ಏರಿಸಿದಳು. ಹಾಡು ಮುಗಿದ ಮೇಲೆ ಎಲ್ಲರಿಗಾಗಿ ಪ್ರಾರ್ಥಿಸಿದಳು, ಪಕ್ಕದ ಕೋಣೆಯಲ್ಲಿದ್ದವಳಿಗಾಗಿ ಪ್ರಾರ್ಥಿಸಲಿಲ್ಲ. ಆಸ್ಪತ್ರೆಯಲ್ಲಿ, ಜಾರಿ ಬಿದ್ದಳು ಎಂದಳು. ಕೆಲವು ದಿನದ ಮೇಲೆ ಅದನ್ನೇ ಚಂದ ಮಾಡಿ ಧ್ಯಾನಪುಸ್ತಿಕೆಗೆ ಬರೆದಳು. ನಿಮ್ಮ ಕೈಯಲ್ಲಿರುವ ಇಂದಿನ ಪುಟ ಅದೇ. ಆ ತಾಯಿ ನಾನು.

ದೇವರು ಆ ಸಂಜೆ ಯಾವ ಕೋಣೆಯಲ್ಲಿದ್ದ ಎಂದು ಬಹಳ ಯೋಚಿಸಿದೆ. ನಾನು ಹಾಡುತ್ತಿದ್ದ ಕೋಣೆಯಲ್ಲಿ ಇರಲಿಲ್ಲ ಎಂದು ಈಗ ನನಗೆ ಖಚಿತವಾಗಿದೆ. ಪ್ರೀತಿ ತಾಳಿಕೊಳ್ಳಬೇಕು ಎಂದು ನಾವು ಹೇಳುವುದು ಯಾವಾಗಲೂ ಏಟು ತಿಂದವರಿಗೇ. ಬಾಗಿಲ ಈಚೆ ಇದ್ದವರು ಎದ್ದು ಹೋಗಿ ಆ ಬಾಗಿಲನ್ನು ತೆರೆಯುವುದೂ ಪ್ರೀತಿಯೇ. ಅದಕ್ಕೆ ತಾಳ್ಮೆ ಬೇಕಿಲ್ಲ, ಎರಡು ಕಾಲು ಸಾಕು. ನನ್ನ ಸೊಸೆ ನನ್ನನ್ನು ಕ್ಷಮಿಸಿದ್ದಾಳೆ. ಅದು ನನ್ನ ಯೋಗ್ಯತೆಯಿಂದ ದೊರೆತದ್ದಲ್ಲ.

ಪ್ರಾರ್ಥನೆ: ಕರ್ತನೇ, ಪಕ್ಕದ ಕೋಣೆಯಲ್ಲಿ ಯಾರಾದರೂ ಕೂಗಿದಾಗ ನನ್ನ ಹಾಡನ್ನು ನಿಲ್ಲಿಸು.'

ಇಷ್ಟೆ. ಹದಿನೇಳು ಸಲ ತಿದ್ದಿದೆ. 'ಹೊಡೆಯುತ್ತಿದ್ದ' ಎಂಬ ಪದವನ್ನು ಬರೆಯಲು ಆರು ದಿನ ಬೇಕಾಯಿತು. ಅವನನ್ನು ಹೆರಲು ಒಂದೇ ದಿನ ಸಾಕಾಗಿತ್ತು.

ನಿನ್ನ,
ಅತ್ತೆ


ಮುನಿರ್ಕಾ
೨೬ ಅಕ್ಟೋಬರ್ ೨೦೨೫

ಅತ್ತೆಯವರಿಗೆ,

ಓದಿ. ನನ್ನ ಒಪ್ಪಿಗೆ ಇದೆ.

ಒಂದು ಸಾಲನ್ನು ತೆಗೆಯಿರಿ. ನನ್ನ ಸೊಸೆ ನನ್ನನ್ನು ಕ್ಷಮಿಸಿದ್ದಾಳೆ ಎಂಬುದನ್ನು. ಅದು ಇನ್ನೂ ನಡೆದಿಲ್ಲ. ನೀವು ಮತ್ತೆ ಮುಂಚಿತವಾಗಿ ಬರೆಯುತ್ತಿದ್ದೀರಿ. ನಡೆಯುತ್ತದೆಯೇ ಎಂದು ನನಗೂ ತಿಳಿಯದು. ಕೆಲವು ದಿನ ಬೆಳಿಗ್ಗೆ ಆಗಿಹೋಗಿದೆ ಎನ್ನಿಸುತ್ತದೆ. ಸಂಜೆ ಹಗ್ಗದಿಂದ ಬಟ್ಟೆ ತೆಗೆಯಲು ಕೈ ಎತ್ತುವಾಗ ಮೂಳೆ ಚುಳುಕ್ ಎನ್ನುತ್ತದೆ, ಆಗಿಲ್ಲ ಎಂದು ಗೊತ್ತಾಗುತ್ತದೆ. ಆ ಸಾಲಿನ ಜಾಗವನ್ನು ಖಾಲಿ ಬಿಡಿ. ಪುಟ ಗಿಡ್ಡವಾದರೆ ಆಗಲಿ.

ಆ ಸಾಲು ಬಿಟ್ಟರೆ ಉಳಿದದ್ದೆಲ್ಲ ನಡೆದದ್ದೇ. ಓದಿದ ಮೇಲೆ ಕಾಗದವನ್ನು ಮಡಚಿ ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದೆ.

ಕೇಸಿನ ಮಾತು. ಆಸ್ಪತ್ರೆಯ ಚೀಟಿಗೆ ಎದುರಾಗಿ ನಮ್ಮಲ್ಲಿ ಏನೂ ಇಲ್ಲ ಎನ್ನುತ್ತಾರೆ ವಕೀಲೆ ಮೇಡಂ. ಮುಂದಿನ ತಾರೀಖಿನಲ್ಲಿ ಆದರ್ಶ್ ಕಡೆಯವರು ವಾರದಲ್ಲಿ ಮೂರು ದಿನ ಧನ್ಯಾಳನ್ನು ನೋಯ್ಡಾಕ್ಕೆ ಕಳಿಸಬೇಕೆಂದು ಕೇಳುತ್ತಾರಂತೆ. ಹೊಡೆದ ಆಧಾರವಿಲ್ಲದಿದ್ದರೆ ಕೊಡಲೂಬಹುದಂತೆ. ಧನ್ಯಾಳಿಗೆ ಇದು ಗೊತ್ತಿಲ್ಲ. ನಿಮಗೆ ಗೊತ್ತಿರಲಿ ಎಂದು ತಿಳಿಸಿದೆ, ಇನ್ನೇನೂ ಕೇಳುತ್ತಿಲ್ಲ.

ಹದಿನಾರಕ್ಕೆ ಹಿಂದಿನ ಬಾಗಿಲ ಬಳಿ ಕೂರುತ್ತೇನೆ. ಮುಂದೆ ಕೂರುವ ಹಟವಿತ್ತು. ಈಗ ಅದು ಬೇಡವೆನಿಸುತ್ತಿದೆ.

ಹೆಪ್ಸಿ


ನೋಯ್ಡಾ
೧೮ ನವೆಂಬರ್ ೨೦೨೫

ಪ್ರಿಯ ಹೆಪ್ಸಿ,

ನೀನು ಬಾಗಿಲ ಬಳಿ ಇದ್ದೆ, ಕೊನೆಯ ಪ್ರಾರ್ಥನೆಗೆ ಮೊದಲೇ ಮಗುವನ್ನು ಕರೆದುಕೊಂಡು ಹೊರಟೆ. ಅಲ್ಲಿಂದ ನಿನಗೆ ಜನರ ಬೆನ್ನುಗಳಷ್ಟೇ ಕಂಡಿರಬೇಕು. ನನಗೆ ಮುಖಗಳು ಕಂಡವು, ಅದನ್ನು ಬರೆಯುತ್ತೇನೆ.

ಮೊದಲ ಸಾಲಿಗೆ ಎಲ್ಲರೂ ಪುಸ್ತಿಕೆಯಲ್ಲಿ ಬೆರಳಿಟ್ಟು ನನ್ನನ್ನು ಹಿಂಬಾಲಿಸುತ್ತಿದ್ದರು. ಎರಡನೆಯ ಸಾಲಿಗೆ ಕೆಲವರು ತಾರೀಖು ಸರಿಯೇ ಎಂದು ನೋಡಿಕೊಂಡರು, ಪುಟ ತಿರುವಿದರು. ಮೂರನೆಯದಕ್ಕೆ ಪುಸ್ತಿಕೆಗಳೆಲ್ಲ ಮಡಿಲಿಗೆ ಇಳಿದವು. ಆದರ್ಶ್ ಕಿಟಕಿಯ ಪಕ್ಕದಲ್ಲಿದ್ದ. ಅವನು ಕೊನೆಯವರೆಗೂ ಪುಸ್ತಿಕೆಯಿಂದ ಕಣ್ಣು ತೆಗೆಯಲಿಲ್ಲ, ಅಚ್ಚಾದದ್ದನ್ನೇ ಓದುತ್ತಿದ್ದಂತೆ. ಆ ತಾಯಿ ನಾನು ಎಂದಾಗ ಎಫ್ರಾಯಿಮ್ ಎದ್ದು ನಿಂತರು. ಅವರಿಗೆ ಇಂಥ ಹೊತ್ತಿನಲ್ಲಿ ಗೊತ್ತಿರುವುದು ಒಂದೇ ದಾರಿ, ಹಾಡು ಎತ್ತಿಕೊಳ್ಳುವುದು. ಬಾಯಿ ತೆರೆದರು. ಇನ್ನೂ ಮುಗಿದಿಲ್ಲ, ಕುಳಿತುಕೊಳ್ಳಿ ಬ್ರದರ್ ಎಂದೆ. ಕುಳಿತರು. ನಲವತ್ತು ವರ್ಷ ಮಕ್ಕಳಿಗೆ ಕುಳಿತುಕೊಳ್ಳಿ ಎಂದ ಧ್ವನಿ ಅದು, ಸಮಯಕ್ಕೆ ಬಂತು.

ನೀನು ಹೇಳಿದ ಸಾಲನ್ನು ತೆಗೆದಿದ್ದೆ. ಆ ಜಾಗಕ್ಕೆ ಬಂದಾಗ ಒಂದು ಉಸಿರು ನಿಂತೆ. ನಿನಗೆ ತಿಳಿದಿರಬೇಕು.

ಆಮೇಲೆ ಚಹ, ಸಮೋಸ. ಸ್ವಲ್ಪ ಹೊತ್ತು ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಒಬ್ಬರು ಇದನ್ನು ಮನೆಯೊಳಗೆ ಇಟ್ಟುಕೊಳ್ಳಬಹುದಿತ್ತು ಎಂದರು. ಇಟ್ಟುಕೊಂಡಿದ್ದೆ ಎಂದೆ. ಕರೋಲ್ ಬಾಗಿನ ಸಲೋಮಿಬಾಯಿ, ಎಂಬತ್ತು ಹತ್ತಿರವಾಯಿತು ಅವರಿಗೆ, ಕೋಲೂರಿಕೊಂಡು ನನ್ನ ಪಕ್ಕ ಬಂದು ನಿಂತರು. ನನ್ನ ಕಡೆ ನೋಡದೆ ಹೇಳಿದರು: "ನಮ್ಮ ಮನ್ಯಾಗ ರೇಡಿಯೋ ಇತ್ತವ್ವಾ." ಮತ್ತೆ ಕೋಲೂರಿಕೊಂಡು ಹೋದರು.

ಆದರ್ಶ್ ಕಾರಿನಲ್ಲಿ ಕಾಯುತ್ತಿದ್ದ. ಯಮುನೆ ದಾಟಿದೆವು. ಆಮೇಲೆ, "ಅಮ್ಮ, ಇನ್ಮೇಲೆ ಆ ಜನರ ಮುಖ ನಾನು ಹೇಗೆ ನೋಡ್ಲಿ?" ಎಂದ.

"ಎರಡು ವರ್ಷ ನಾನು ನೋಡಿದೀನಲ್ಲಪ್ಪ."

ಅವನು ಅತ್ತ. ಕಾರನ್ನು ಬದಿಗೆ ನಿಲ್ಲಿಸಿ ಅತ್ತ. ಅವನ ಬೆನ್ನ ಮೇಲೆ ಕೈಯಿಟ್ಟೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ, ಅವನು ನನ್ನ ಮಗ. ಆ ಗಳಿಗೆಯಲ್ಲಿ ಇಷ್ಟು ಸಾಕು, ಇಲ್ಲಿಗೆ ಮುಗಿಯಿತು ಎಂದು ನನ್ನ ಮನಸ್ಸು ಹೇಳಿದ್ದೂ ನಿಜ. ತಪ್ಪು ಒಪ್ಪಿದೆ, ಮಗ ಅತ್ತ, ಕೆಳಗೆ ಒಂದು ಸಾಲಿನ ಪ್ರಾರ್ಥನೆ ಬರೆದರೆ ಪುಟ ಪೂರ್ತಿ.

ಆದರೆ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಸಭೆಯಲ್ಲಿ ಹೇಳುವುದು ಅಷ್ಟೇನೂ ಕಷ್ಟವಲ್ಲ, ಹೆಪ್ಸಿ. ಅಲ್ಲಿರುವವರು ನಮ್ಮವರು, ಕ್ಷಮಿಸುವುದು ಅವರ ಅಭ್ಯಾಸ. ನಾನು ಅಲ್ಲಿ ಏನು ಓದಿದರೂ ಆಸ್ಪತ್ರೆಯ ಚೀಟಿಯಲ್ಲಿ ಒಂದು ಅಕ್ಷರ ಬದಲಾಗುವುದಿಲ್ಲ. ಜಾರಿ ಬಿದ್ದಳು ಎಂದು ಅದು ಹೇಳುತ್ತಲೇ ಇದೆ, ಅದರ ಬಲದ ಮೇಲೆ ಮಗುವನ್ನು ವಾರಕ್ಕೆ ಮೂರು ದಿನ ಇಲ್ಲಿಗೆ ಕರೆಸುತ್ತಾರೆ. ನೀನು ಏನೂ ಕೇಳುತ್ತಿಲ್ಲ ಎಂದು ಬರೆದಿದ್ದೆ. ಕೇಳಬೇಕಾಗಿರಲಿಲ್ಲ.

ಇವತ್ತು ಬೆಳಿಗ್ಗೆ ಆದರ್ಶ್‌ಗೆ ಹೇಳಿದೆ. ಕೋರ್ಟಿನಲ್ಲಿ, ನಾನು ಮನೆಯಲ್ಲಿದ್ದೆ, ನನಗೆ ಕೇಳಿಸಿತು, ಡಾಕ್ಟರಿಗೆ ಸುಳ್ಳು ಹೇಳಿದವಳು ನಾನು ಎಂದು ಹೇಳುತ್ತೇನೆ ಎಂದೆ. ಅವನು ಶೂ ಹಾಕಿಕೊಳ್ಳುತ್ತಿದ್ದ. ಲೇಸು ಕಟ್ಟುತ್ತಿದ್ದ ಕೈ ನಿಂತಿತು. "ಹಾಗೆ ಮಾಡಿದ್ರೆ, ಅಮ್ಮ, ಈ ಮನೇಲಿ ನೀನು..." ಎಂದ. ವಾಕ್ಯವನ್ನು ಮುಗಿಸಲಿಲ್ಲ, ಬಾಗಿಲು ಹಾಕಿಕೊಂಡು ಆಫೀಸಿಗೆ ಹೋದ. ಸಂಜೆ ಬಂದು ಮುಗಿಸಬಹುದು. ಮುಗಿಸಿದರೂ ನಾನು ಬರುತ್ತೇನೆ.

ವಕೀಲೆ ಮೇಡಂ ಹೆಸರು, ತಾರೀಖು, ಕೋರ್ಟಿನ ಕೋಣೆಯ ನಂಬರು ಬರೆದು ಕಳಿಸು. ಹಿಂದಿಯಲ್ಲಿ ಹೇಳಬೇಕೋ ಇಂಗ್ಲಿಷಿನಲ್ಲೋ ಎಂಬುದನ್ನೂ ಕೇಳಿ ತಿಳಿಸು, ಎರಡರಲ್ಲೂ ಸಿದ್ಧಮಾಡಿಕೊಳ್ಳುತ್ತೇನೆ. ದೇವಕಿ ಜೊತೆಗೆ ಬರುತ್ತೇನೆಂದಳು, ಬೇಡವೆಂದೆ. ಆ ಸಂಜೆ ಬಾಗಿಲ ಈಚೆ ನಾನೊಬ್ಬಳೇ ಇದ್ದೆ.

ಯೂನಿಸ್ ಸತ್ಯವಾನ್ ಬೆಟಗೇರಿ
ವಯಸ್ಸು ೬೪, ನಿವೃತ್ತ ಶಿಕ್ಷಕಿ